ಸ್ಪ್ಲಿಟ್ ಕೀಬೋರ್ಡ್ ತಗೊಳ್ಳೋ ಮುಂಚೆ ‘ಕೊಡು’ ಟೈಪ್ ಮಾಡಿ ನೋಡಿ

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹಗಲೆಲ್ಲ ಕೋಡ್, ರಾತ್ರಿ ಕನ್ನಡ ಬರಹ. ಮಣಿಕಟ್ಟು ನೋಯೋಕೆ ಶುರುವಾದಾಗ, ಎರಡು ಹೋಳಾಗಿರೋ ಕೀಬೋರ್ಡ್ ಹುಡುಕಿದೆ.

ನಾನು ಬಳಸೋದು ಇನ್‌ಸ್ಕ್ರಿಪ್ಟ್. 1991ರ ಇಸ್ಕಿ ಮಾನಕದಲ್ಲಿ ಸೇರಿದ ವಿನ್ಯಾಸ ಇದು. ಇದರ ಮೇಲೆ ಕೆಲಸ ಮಾಡಿದ ಸಿ-ಡ್ಯಾಕ್‌ನ ಜಿಸ್ಟ್ ತಂಡ ನಮ್ಮ ಪುಣೆಯದ್ದೇ. ಸ್ವರಚಿಹ್ನೆ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ. ‘ದಾರಿ’ ಅಂತ ಒತ್ತಿದ್ರೆ ಬಲ, ಎಡ, ಬಲ, ಎಡ. ಸ್ಪ್ಲಿಟ್ ಕೀಬೋರ್ಡಿಗೆ ಹೇಳಿ ಮಾಡಿಸಿದ ಹಾಗಿದೆ.

ಆದ್ರೆ 42 ಕೀಗಳ ‘ಕಾರ್ನೆ’ಯಂಥ ಚಿಕ್ಕ ಬೋರ್ಡ್‌ಗಳಲ್ಲಿ ಚೌಕ ಬ್ರಾಕೆಟ್, ಬ್ಯಾಕ್‌ಟಿಕ್ ಎರಡೂ ಬೇರೆ ಲೇಯರ್‌ಗೆ ಹೋಗಿರುತ್ತವೆ. ಇಂಗ್ಲಿಷಿಗೆ ಪರವಾಗಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಡ’ ಮತ್ತು ಒತ್ವ ಇರೋದೇ ಅಲ್ಲಿ! ‘ಕೊಡು’ ಬರೆಯೋಕೆ ಲೇಯರ್ ಬದಲಿಸಬೇಕು. ‘ಕನ್ನಡ’ ಬರೆಯೋಕೂ ಒಂದು ಸಲ.

ಅದಕ್ಕೇ ಕೀಗಳನ್ನ ಬದಲಿಸೋಕೆ ಬರೋ ಬೋರ್ಡನ್ನೇ ತಗೊಳ್ಳಿ. ‘ವಯಲ್’ ತಂತ್ರಾಂಶದಲ್ಲಿ ಬ್ಯಾಕ್‌ಸ್ಪೇಸನ್ನು ಹೆಬ್ಬೆರಳಿಗೆ ಕೊಟ್ಟು, ಆ ಜಾಗಕ್ಕೆ ಎಡ ಚೌಕ ಬ್ರಾಕೆಟ್ ಹಾಕಿ. ಟ್ಯಾಬ್ ಜಾಗಕ್ಕೆ ಬ್ಯಾಕ್‌ಟಿಕ್, ಟ್ಯಾಬ್ ಲೇಯರ್‌ಗೆ. ಕಂಪ್ಯೂಟರಿನ ಇನ್‌ಸ್ಕ್ರಿಪ್ಟ್ ಮುಟ್ಟಬೇಕಿಲ್ಲ. ಕೆ.ಪಿ. ರಾವ್ ವಿನ್ಯಾಸ ಬಳಸೋರಿಗೆ ಈ ತಲೆನೋವಿಲ್ಲ. ಅದರ ಅಕ್ಷರಗಳೆಲ್ಲ ಎ ಇಂದ ಝೆಡ್ ಒಳಗೇ ಇವೆ.

ಇನ್ನು ಜೋಡಿಸೋದು. ಎರಡು ಹೋಳುಗಳ ಮಧ್ಯೆ ಭುಜದಷ್ಟು ಅಂತರ ಇರಲಿ. ಹಿಂದಿನ ಕಾಲುಗಳನ್ನು ಮಡಚಿಬಿಡಿ. ಮೊಣಕೈ ಸುಮಾರು 90 ಡಿಗ್ರಿ, ಮಣಿಕಟ್ಟು ನೇರ. ಮೊದಮೊದಲು ವೇಗ ಕುಸಿಯುತ್ತೆ, ರಿಲೀಸ್ ಇರೋ ವಾರದಲ್ಲಿ ಶುರು ಮಾಡಬೇಡಿ. ಬೆರಳು ಜೋಮು ಹಿಡಿದ್ರೆ ಕೀಬೋರ್ಡ್ ಅಂಗಡಿಗಲ್ಲ, ಡಾಕ್ಟರ ಹತ್ರ ಹೋಗಿ.