ನೆಲದಡಿಯ ಗೋಡೆ ಯಾರದು?



ಸಾರ್ವಜನಿಕ ಕಲೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ವೃತ್ತಗಳಲ್ಲಿನ ಪ್ರತಿಮೆಗಳು. ಆದರೆ ಕಚೇರಿಗೆ ಓಡುವ ಸಾವಿರಾರು ಮಂದಿ ನಿತ್ಯವೂ ಹಾದುಹೋಗುವ ಚಿತ್ರಶಾಲೆಯೊಂದು ನೆಲದಡಿಯಲ್ಲಿಯೂ ಇರಬಲ್ಲದು. ಸುರಂಗ ರೈಲು ನಿಲ್ದಾಣದ ಆ ಗೋಡೆಯ ಮೇಲೆ ಸ್ಥಾನ ಯಾರಿಗೆ ಸಲ್ಲಬೇಕು ಎಂಬುದೇ ಇಂದಿನ ನನ್ನ ಪ್ರಶ್ನೆ.

ಮಾಸ್ಕೋ ನಗರದ ಮೆಟ್ರೋ 1935ರಲ್ಲಿ ಆರಂಭವಾಯಿತು. ಅಮೃತಶಿಲೆಯ ಕಂಬಗಳು, ತೂಗುದೀಪಗಳು, ಮೊಸಾಯಿಕ್ ಚಿತ್ರಗಳು - ಅರಸರಿಗಷ್ಟೇ ಮೀಸಲಾಗಿದ್ದ ವೈಭವವನ್ನು ಜನಸಾಮಾನ್ಯರಿಗೆ ಒದಗಿಸುವ ಹಂಬಲ ಅಲ್ಲಿತ್ತು. ಆದರೆ ಆ ಅರಮನೆಯಲ್ಲಿ ಹೊಸ ಅರಸನೂ ಬಂದು ಕುಳಿತ. 1950ರಲ್ಲಿ ತೆರೆದ ತಗಾನ್‌ಸ್ಕಾಯಾ ನಿಲ್ದಾಣದಲ್ಲಿ ಸ್ಟಾಲಿನ್ನನ ಉಬ್ಬುಶಿಲ್ಪವಿತ್ತು. 1960ರ ದಶಕದಲ್ಲಿ ಅದನ್ನು ತೆಗೆದುಹಾಕಲಾಯಿತು. 2025ರ ಮೇ ತಿಂಗಳಿನಲ್ಲಿ ಅದರ ಪ್ರತಿಕೃತಿ ಮತ್ತೆ ಅಲ್ಲಿಗೆ ಬಂದಿತು. ಅಧಿಕಾರವನ್ನು ಮೆಚ್ಚಿಸಲು ಮೂಡಿದ ಕಲೆಯ ಆಯುಷ್ಯವೂ ಅಧಿಕಾರದ ಕೈಯಲ್ಲಿಯೇ ಇರುತ್ತದೆ.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಬೇರೊಂದು ದಾರಿ ಹಿಡಿಯಿತು. ಅಲ್ಲಿನ 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚಿನವುಗಳಲ್ಲಿ ಕಲಾಕೃತಿಗಳಿವೆ. 1975ರಲ್ಲಿ ತೆರೆದ ನೀಲಿ ಮಾರ್ಗದ ಕೇಂದ್ರ ನಿಲ್ದಾಣದಲ್ಲಿ ಕೊರೆದ ಬಂಡೆಯ ಏರುತಗ್ಗುಗಳನ್ನು ಮರೆಮಾಡದೆ, ಅವುಗಳ ಮೇಲೆ ತೆಳುವಾಗಿ ಕಾಂಕ್ರೀಟ್ ಚಿಮುಕಿಸಿ ಗುಹೆಯ ರೂಪವನ್ನೇ ಉಳಿಸಿಕೊಂಡರು. ಕಲಾವಿದ ಪೆರ್ ಊಲೊಫ್ ಉಲ್ತ್‌ವೆಟ್ ಬಿಳಿಯ ಕಮಾನುಗಳ ಮೇಲೆ ನೀಲಿ ಬಳ್ಳಿಗಳನ್ನು ಹಬ್ಬಿಸಿದ. ಒಂದೆಡೆ ಮಾತ್ರ ಬಳ್ಳಿಗಳಿಲ್ಲ. ಆ ನಿಲ್ದಾಣವನ್ನು ಕಟ್ಟಿದ ಬೆಸುಗೆಗಾರರು, ಬಡಗಿಗಳು ಮುಂತಾದ ಶ್ರಮಿಕರ ನೆರಳುಚಿತ್ರಗಳಿವೆ. ಯಾವ ಸರಕಾರ ಬಂದರೂ ಅವರನ್ನು ಅಳಿಸುವ ಪ್ರಮೇಯ ಬಂದಿಲ್ಲ.

ಬಂಧುಗಳೆ, ಇದು ನಮಗೆ ದೂರದ ಸಂಗತಿಯಲ್ಲ. ನಾವು ಬಾಳುತ್ತಿರುವ ಈ ಮುಂಬಯಿಯಲ್ಲಿ 33.5 ಕಿಲೋಮೀಟರ್ ಉದ್ದದ ಮೆಟ್ರೋ ಮೂರನೆಯ ಮಾರ್ಗವು 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆಯಿತು. ಅದರ 27 ನಿಲ್ದಾಣಗಳಲ್ಲಿ 26 ನೆಲದಡಿಯಲ್ಲಿವೆ. ಈ ನಗರದ ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತವರಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ತಲೆಮಾರುಗಳಿಂದ ಗುಳೆ ಬಂದ ನಮ್ಮವರೂ ಇದ್ದಾರೆ. ಬಿಹಾರ, ಒಡಿಶಾಗಳಿಂದ ಬಂದವರೂ ಇದ್ದಾರೆ.

ಸರಕಾರಿ ಕಡತಗಳ ನಡುವೆ ಮೂರು ದಶಕ ಕಳೆದವನಾಗಿ ಒಂದು ಮಾತು ಹೇಳಬಲ್ಲೆ. ಉದ್ಘಾಟನೆಯ ಶಿಲಾಫಲಕದಲ್ಲಿ ಮಂತ್ರಿಗಳ ಹೆಸರಿರುತ್ತದೆ. ಕರಾರುಪತ್ರದಲ್ಲಿ ಗುತ್ತಿಗೆದಾರನ ಹೆಸರಿರುತ್ತದೆ. ಕೂಲಿಯವನ ಹೆಸರು ಮಸ್ಟರ್ ರೋಲಿನಲ್ಲಿರುತ್ತದೆ. ಅವಧಿ ತೀರಿದೊಡನೆ ಅದು ರದ್ದಿಗೆ ಹೋಗುತ್ತದೆ.

ಹೊರನಾಡಿನ ಕನ್ನಡಿಗರಾದ ನಾವು ನಾಮಫಲಕಗಳಲ್ಲಿ, ಶಾಲೆಗಳಲ್ಲಿ ನಮ್ಮ ಭಾಷೆಗೆ ಸ್ಥಾನ ಕೇಳುತ್ತ ಬಂದಿದ್ದೇವೆ. ಅದು ನ್ಯಾಯವೇ. ಆದರೆ ನಮ್ಮ ಬೇಡಿಕೆ ಅಲ್ಲಿಗೇ ನಿಲ್ಲಬಾರದು. ಮೆಟ್ರೋ ನಿಲ್ದಾಣಗಳಲ್ಲಿ ಒಂದೊಂದು ಗೋಡೆಯನ್ನಾದರೂ ಅದನ್ನು ಕಟ್ಟಿದವರಿಗೆ ಮೀಸಲಿಡಬೇಕೆಂದು, ಅವರ ಹೆಸರನ್ನು ಅವರವರ ಲಿಪಿಯಲ್ಲಿ ಕೆತ್ತಬೇಕೆಂದು ಈ ಸಂಘವು ಮರಾಠಿ, ತೆಲುಗು, ಹಿಂದಿ ಬಂಧುಗಳೊಡನೆ ಕೂಡಿ ಮನವಿ ಸಲ್ಲಿಸಲಿ. ಆ ಗೋಡೆಯ ಮೇಲೆ ಕನ್ನಡದ ಅಕ್ಷರ ಕಂಡರೆ ಅದು ಯಾರೋ ಕೊಟ್ಟ ದಾನವಾಗದು. ದುಡಿದು ಪಡೆದ ಹಕ್ಕಾಗುತ್ತದೆ.