ಓಟ ಮುಗಿದ ನಾಯಿಯೂ ಒಡೆಯನ ಋಣವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಲೊಕ್ಕನಹಳ್ಳಿಯಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಜೀವದಯೆಯ ವಿಷಯವಾಗಿ ಮಾತನಾಡಬೇಕೆಂದು ಅಪ್ಪಣೆಯಾಗಿದೆ. ಜೀವದಯೆಯೆಂದೊಡನೆ ಗೋವಿನ ಮಾತು ಬರುವುದು ವಾಡಿಕೆ. ನಾನಾದರೋ ಇಂದು ನಾಯಿಯ ಮಾತನ್ನು ಎತ್ತಿಕೊಂಡಿದ್ದೇನೆ. ಮಠದ ಸಭೆಯಲ್ಲಿ ನಾಯಿಯ ಪ್ರಸ್ತಾಪವೇ ಎಂದು ಯಾರಾದರೂ ಮುಗುಳ್ನಕ್ಕರೆ ಅದರಿಂದ ನನಗೆ ಬೇಸರವಿಲ್ಲ. ವಿದ್ಯಾಮದದಿಂದ ಮೆರೆಯುತ್ತಿದ್ದವರ ಎದುರಿನಲ್ಲಿ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದಲೇ ವೇದವನ್ನು ಓದಿಸಿದರೆಂಬ ಕಥೆಯನ್ನು ನಮ್ಮ ಹಿರಿಯರು ಭಕ್ತಿಯಿಂದ ಹೇಳಿಕೊಂಡು ಬಂದಿದ್ದಾರೆ. ಹೀಗಿರುವಲ್ಲಿ ಶರಣರ ಸಭೆಯ ಬಾಗಿಲು ನಾಯಿಗೆ ಮುಚ್ಚಿದ್ದೆಂದು ಯಾರು ತಾನೇ ಹೇಳಿಯಾರು?

ಪಾಶ್ಚಾತ್ಯ ದೇಶಗಳಲ್ಲಿ ಗ್ರೇಹೌಂಡ್ ಎಂಬ ಒಂದು ಜಾತಿಯ ನಾಯಿಯುಂಟು. ನೀಳವಾದ ಕಾಲು, ಸಣ್ಣ ನಡು, ಚೂಪಾದ ಮುಖ, ಆಳವಾದ ಎದೆ. ಗಂಟೆಗೆ ಅರುವತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಬಲ್ಲದು. ವಾಸನೆಗಿಂತ ಕಣ್ಣನ್ನೇ ನಂಬಿ ಬೇಟೆಯನ್ನು ಅಟ್ಟುವ ನಾಯಿ ಇದು. ನಮ್ಮ ಬಾಗಲಕೋಟೆ ಸೀಮೆಯ ಮುಧೋಳದ ಬೇಟೆನಾಯಿಯನ್ನು ನೋಡಿದವರಿಗೆ ಇದರ ರೂಪವು ಸುಲಭವಾಗಿ ಮನಸ್ಸಿಗೆ ಬರುತ್ತದೆ. 1919ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಓವೆನ್ ಪ್ಯಾಟ್ರಿಕ್ ಸ್ಮಿತ್ ಎಂಬಾತನು ಯಂತ್ರದಿಂದ ಓಡುವ ಕೃತ್ರಿಮವಾದ ಮೊಲವನ್ನು ಮುಂದೆ ಬಿಟ್ಟು, ಅದರ ಹಿಂದೆ ಈ ನಾಯಿಗಳನ್ನು ಓಡಿಸುವ ಕಣವನ್ನು ತೆರೆದನು. 1926ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೆಲ್ ವ್ಯೂ ಎಂಬಲ್ಲಿ ಇಂತಹ ಪಂದ್ಯವು ಆರಂಭವಾಯಿತು. ಮೊದಲ ದಿನ ಬಂದವರು ಸುಮಾರು 1,700 ಜನ. ಕೆಲವೇ ವಾರಗಳಲ್ಲಿ ಜನಸಂದಣಿ ಹಲವು ಮಡಿ ಹೆಚ್ಚಿತು. ಜನರನ್ನು ಅಲ್ಲಿಗೆ ಎಳೆದುದು ನಾಯಿಯ ಚೆಲುವಿಗಿಂತ ಹೆಚ್ಚಾಗಿ ಪಣದ ಹಣ.

ಆ ನಾಯಿಯ ಬಾಳನ್ನು ಸ್ವಲ್ಪ ವಿಚಾರಿಸೋಣ. ಅದು ಎಷ್ಟು ಓಡಿದರೂ ಆ ಮೊಲವು ಅದಕ್ಕೆ ಸಿಕ್ಕುವುದಿಲ್ಲ. ಸಿಕ್ಕದಂತೆಯೇ ಯಂತ್ರವನ್ನು ನಡೆಸುತ್ತಾರೆ. ಒಂದೂವರೆ ವರ್ಷದ ಪ್ರಾಯದಲ್ಲಿ ಕಣಕ್ಕೆ ಇಳಿದ ನಾಯಿ ಮೂರು, ನಾಲ್ಕು, ಹೆಚ್ಚೆಂದರೆ ಐದು ವರ್ಷದ ಹೊತ್ತಿಗೆ ಕಾಲುನೋವಿನಿಂದಲೋ ವೇಗ ತಗ್ಗಿದುದರಿಂದಲೋ ಕೆಲಸಕ್ಕೆ ಬಾರದ್ದೆನ್ನಿಸಿಕೊಳ್ಳುತ್ತದೆ. ಅದರ ಆಯುಸ್ಸಾದರೋ ಹತ್ತರಿಂದ ಹದಿಮೂರು ವರ್ಷ. ಅಂದಮೇಲೆ ದುಡಿಮೆ ಮುಗಿದ ಬಳಿಕ ಅದು ಬದುಕತಕ್ಕ ಕಾಲವು ದುಡಿದ ಕಾಲಕ್ಕಿಂತ ದೊಡ್ಡದು. ಈ ಉಳಿದ ವರ್ಷಗಳ ಅನ್ನವನ್ನು ಯಾರು ಹಾಕಬೇಕು? ಇದೇ ಈ ಹೊತ್ತಿನ ನನ್ನ ಪ್ರಶ್ನೆ.

ಬಹುಕಾಲ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಓಡಲಾರದ ನಾಯಿಗಳಲ್ಲಿ ಕೆಲವನ್ನು ತಳಿಗೆಂದು ಇಟ್ಟುಕೊಂಡರು. ಕೆಲವನ್ನು ಪ್ರಯೋಗಶಾಲೆಗಳಿಗೆ ಒಪ್ಪಿಸಿದರು. ಉಳಿದ ಎಷ್ಟೋ ನಾಯಿಗಳನ್ನು ಕೊಂದರು. ಆಮೇಲೆ ಸಾಧಾರಣ ಗೃಹಸ್ಥರೂ ಗೃಹಿಣಿಯರೂ ಈ ಕಾರ್ಯಕ್ಕೆ ಕೈಹಾಕಿದರು. ಇಂಗ್ಲೆಂಡಿನಲ್ಲಿ 1975ರಲ್ಲಿ ನಿವೃತ್ತ ಗ್ರೇಹೌಂಡುಗಳಿಗೆ ಮನೆ ಹುಡುಕುವುದಕ್ಕಾಗಿಯೇ ಒಂದು ಧರ್ಮಸಂಸ್ಥೆ ಹುಟ್ಟಿತು. ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿಯೂ ಇಂತಹ ಸಂಘಗಳು ಎದ್ದವು. ಇವುಗಳಲ್ಲಿ ದುಡಿಯುವವರಲ್ಲಿ ಬಹುಮಂದಿ ಸಂಬಳವಿಲ್ಲದ ಸ್ವಯಂಸೇವಕರು.

ಅವರ ಕೆಲಸದ ಕ್ರಮವನ್ನು ತಾವು ಗಮನಿಸಬೇಕು. ನಾಯಿಯನ್ನು ಹಗ್ಗ ಹಿಡಿದು ಯಾರಿಗೋ ಒಪ್ಪಿಸಿ ಕೈತೊಳೆದುಕೊಳ್ಳುವುದು ಅವರ ರೀತಿಯಲ್ಲ. ಹುಟ್ಟಿದಂದಿನಿಂದ ಗೂಡಿನಲ್ಲಿಯೇ ಬೆಳೆದ ಆ ನಾಯಿಗೆ ಮನೆಯೆಂದರೇನೆಂದೇ ತಿಳಿಯದು. ಮೆಟ್ಟಿಲನ್ನು ಕಂಡರೆ ಕಾಲು ನಡುಗುತ್ತದೆ. ಗಾಜಿನ ಬಾಗಿಲನ್ನು ಬಯಲೆಂದು ಬಗೆದು ಹಾಯುತ್ತದೆ. ಬೆಕ್ಕನ್ನು ಕಂಡರೆ ಕಣದ ಮೊಲವೆಂದೇ ಭ್ರಮಿಸುತ್ತದೆ. ಆದಕಾರಣ ಮೊದಲು ಒಬ್ಬ ಸ್ವಯಂಸೇವಕರ ಮನೆಯಲ್ಲಿ ಕೆಲವು ವಾರ ಇರಿಸಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿಸಿ, ಮನೆಯ ಸದ್ದುಗಳಿಗೆ ಒಗ್ಗಿಸುತ್ತಾರೆ. ಮರಿಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ರೋಗ ಬಾರದಂತೆ ಚುಚ್ಚುಮದ್ದು ಹಾಕಿಸುತ್ತಾರೆ. ನಾಯಿಯನ್ನು ಕೇಳಿಕೊಂಡು ಬಂದವರ ಮನೆಗೆ ತಾವೇ ಹೋಗಿ ನೋಡುತ್ತಾರೆ: ಬೇಲಿ ಎಷ್ಟು ಎತ್ತರವಿದೆ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ, ಹಸುಮಕ್ಕಳುಂಟೇ, ಬೇರೆ ಸಾಕುಪ್ರಾಣಿಗಳುಂಟೇ, ಮನೆಯವರೆಲ್ಲರೂ ಒಪ್ಪಿರುವರೇ ಎಂದು ವಿಚಾರಿಸುತ್ತಾರೆ. ನಾಯಿ ಆ ಮನೆಗೆ ಹೊಂದಿಕೊಳ್ಳದೆ ಹೋದರೆ ಅದನ್ನು ತಾವೇ ಹಿಂದಕ್ಕೆ ಪಡೆಯುತ್ತಾರೆ. ಮಗಳನ್ನು ಕೊಡುವ ಮುನ್ನ ನಾವು ವರನ ಮನೆಯನ್ನು ನೋಡಿ ಬರುವುದಿಲ್ಲವೇ? ಆ ಎಚ್ಚರವೇ ಇದು.

ನಮ್ಮ ಏಷ್ಯಾಖಂಡದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಚೀನಾ ದೇಶಕ್ಕೆ ಸೇರಿದ ಮಕಾವುವಿನಲ್ಲಿ ಕ್ಯಾನಿಡ್ರೋಮ್ ಎಂಬ ನಾಯಿಪಂದ್ಯದ ಕಣವಿದ್ದಿತು. ಅಲ್ಲಿಗೆ ಹೊರದೇಶಗಳಿಂದ ನಾಯಿಗಳನ್ನು ತರಿಸುತ್ತಿದ್ದರು. ಒಳಗೆ ಹೋದ ನಾಯಿ ಜೀವಸಹಿತ ಹೊರಗೆ ಬರುವುದು ಅಪರೂಪವೆಂದು ಪ್ರಾಣಿದಯಾಪರರು ವರ್ಷಗಟ್ಟಲೆ ಮೊರೆಯಿಟ್ಟರು. 2018ರ ಜುಲೈ ತಿಂಗಳಲ್ಲಿ ಆ ಕಣವು ಮುಚ್ಚಿತು. ಐನೂರಕ್ಕೂ ಹೆಚ್ಚು ನಾಯಿಗಳು ಅಲ್ಲಿಯೇ ಉಳಿದವು. ಆಗ ಅನಿಮಾ ಎಂಬ ಸ್ಥಳೀಯ ಸಂಘವು ಅಲ್ಬಾನೊ ಮಾರ್ಟಿನ್ಸ್ ಎಂಬವರ ಮುಂದಾಳುತನದಲ್ಲಿ ಈ ನಾಯಿಗಳಿಗೆ ನೆಲೆ ಹುಡುಕುವ ಹೊಣೆಯನ್ನು ಹೊತ್ತಿತು. ಇಟಲಿ, ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳ ಸಂಘಗಳೊಡನೆ ಪತ್ರವ್ಯವಹಾರ ನಡೆಸಿ, ರೋಗಪರೀಕ್ಷೆ ಮಾಡಿಸಿ, ತಂಡತಂಡವಾಗಿ ವಿಮಾನದಲ್ಲಿ ಕಳುಹಿಸಿ, 2019ರಲ್ಲಿ ಆ ಕಾರ್ಯವನ್ನು ಮುಗಿಸಿದರು. ಕಂಡರಿಯದ ನಾಯಿಗಾಗಿ ಸಮುದ್ರದಾಚೆಯ ಗೃಹಸ್ಥನೊಬ್ಬನು ಬಾಗಿಲು ತೆರೆದನೆಂಬುದು ಸಾಮಾನ್ಯವಾದ ಮಾತಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹಸಿದ ಮನುಷ್ಯರು ಇಷ್ಟು ಮಂದಿ ಇರುವಾಗ ನಾಯಿಗಾಗಿ ಇಷ್ಟೊಂದು ಶ್ರಮವೇಕೆ ಎಂದು ಕೇಳುವವರುಂಟು. ಪ್ರಶ್ನೆ ಸಾಧುವಾದುದೇ. ಆದರೆ ನಾನು ಹೇಳುತ್ತಿರುವುದು ದಾನದ ವಿಷಯವನ್ನಲ್ಲ, ಋಣದ ವಿಷಯವನ್ನು. ದಾನದಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ತಾರತಮ್ಯವನ್ನು ಎಣಿಸಬಹುದು. ಋಣದಲ್ಲಿ ಹಾಗೆ ಎಣಿಸಲಾಗದು. ಯಾರಿಂದ ತೆಗೆದುಕೊಂಡೆವೋ ಅವರಿಗೇ ತೀರಿಸಬೇಕು. ನಾಯಿಯ ಕಾಲಿನಿಂದ ಹಣ ಗಳಿಸಿದವನು ಬಡವರಿಗೆ ಅನ್ನ ಹಾಕಿದನೆಂದ ಮಾತ್ರಕ್ಕೆ ನಾಯಿಯ ಸಾಲ ತೀರಲಿಲ್ಲ.

ಇನ್ನೂ ಒಂದು ಮಾತುಂಟು. ಗಳಿಸಿದವನು ಒಬ್ಬ, ತೀರಿಸುವವನು ಇನ್ನೊಬ್ಬ ಎಂಬುದು ಧರ್ಮವಾಗಲಾರದು. ಸ್ವಯಂಸೇವಕರು ಎಷ್ಟು ಮನೆ ಹುಡುಕಿದರೂ ಪ್ರತಿವರ್ಷವೂ ಹೊಸ ನಾಯಿಗಳು ಕಣದಿಂದ ಹೊರಬೀಳುತ್ತಲೇ ಇದ್ದವು. ಇದನ್ನು ಮನಗಂಡ ಜನರು ಮೂಲದಲ್ಲಿಯೇ ತಡೆಯಲು ಮುಂದಾದರು. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ 2018ರಲ್ಲಿ ಮತದಾರರೇ ಬಹುಮತದಿಂದ ಈ ಪಂದ್ಯವನ್ನು ನಿಷೇಧಿಸಿದರು. 2020ರ ಕೊನೆಯೊಳಗೆ ಅಲ್ಲಿಯ ಕಣಗಳಲ್ಲಿ ಓಟ ನಿಂತಿತು. ನ್ಯೂಜಿಲೆಂಡಿನ ಸರ್ಕಾರವು ತನ್ನ ದೇಶದಲ್ಲಿ ಈ ಪಂದ್ಯವನ್ನು ಕೊನೆಗಾಣಿಸುವುದಾಗಿ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಹಾಗಾದರೆ ಇದು ಪರದೇಶದ ಪಾಪ, ನಮಗೇನು ಎಂದು ಸುಮ್ಮನಿರಬಹುದೇ? ಅಂತಹ ಪಣದ ಕಣಗಳು ನಮ್ಮ ನಾಡಿನಲ್ಲಿ ಬೇರೂರಲಿಲ್ಲವೆಂಬುದು ನಿಜ. ಆದರೆ ನಾಯಿಯ ಸೇವೆಯನ್ನು ಪಡೆದವರು ನಾವೂ ಅಹುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿಸ್ತಶಕ 949-50ರ ಕಾಲದ ಒಂದು ಕನ್ನಡ ಶಾಸನವಿದ್ದಿತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನು ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಮಣಲೆರನು ಶಿವಾಲಯದ ಮುಂದೆ ಅದಕ್ಕೆ ಕಲ್ಲು ನೆಡಿಸಿ, ಭೂಮಿಯನ್ನು ಬಿಟ್ಟು, ಪೂಜೆ ತಪ್ಪದಂತೆ ಆ ಸ್ಥಾನದ ಶೈವ ಗೊರವನಿಗೆ ಹೊಣೆಯನ್ನು ವಿಧಿಸಿದನು. ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗನು ನಾಯಿಯ ಋಣವನ್ನು ಶಿವನ ಸನ್ನಿಧಿಯಲ್ಲಿ ಒಪ್ಪಿಕೊಂಡನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದರೂ ನಾವು ಪ್ರಾಮಾಣಿಕವಾಗಿ ಯೋಚಿಸಬೇಕು. ಹೋರಾಡಿ ಮಡಿದ ನಾಯಿಗೆ ಕಲ್ಲು ನೆಡುವುದು ಸುಲಭ. ಕಲ್ಲು ಅನ್ನವನ್ನು ಕೇಳುವುದಿಲ್ಲ. ಮಡಿಯದೆ ಮುದಿಯಾಗಿ ಮನೆಯ ಮುಂದೆ ಬಿದ್ದಿರುವ ನಾಯಿಯೇ ನಮ್ಮ ಧರ್ಮವನ್ನು ಪರೀಕ್ಷಿಸತಕ್ಕದ್ದು. ನಮ್ಮ ದೇಶದ ಸೇನೆಯಲ್ಲಿಯೂ ಕೆಲಸಕ್ಕೆ ಬಾರದ ನಾಯಿಗಳ ಪ್ರಾಣ ತೆಗೆಯುವ ಪದ್ಧತಿ 2015ರವರೆಗೆ ಇದ್ದಿತು. ಆ ವರ್ಷ ಅದು ಹೊರಬಿದ್ದು, ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಸರ್ಕಾರವು ಬೇರೆ ನೀತಿಯನ್ನು ರೂಪಿಸುವುದಾಗಿ ಹೇಳಿತು. ಬಳಿಕ ನಿವೃತ್ತ ನಾಯಿಗಳಿಗೆ ಮೀರತ್ತಿನಲ್ಲಿ ಆಶ್ರಯ ದೊರೆಯಿತು. ಅವುಗಳನ್ನು ಮನೆಗೆ ಕರೆದೊಯ್ದು ಸಾಕುವ ಗೃಹಸ್ಥರೂ ಮುಂದೆ ಬಂದರು.

ಇನ್ನು ನಮ್ಮ ಊರಿಗೆ ಬರೋಣ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಮತ್ತೊಂದು ಕಡೆ ಮಲೆಯ ಮಾದಪ್ಪನ ಕಾಡು. ನಡುವೆ ನಮ್ಮ ರಾಗಿಯ ಹೊಲ, ಮುಸುಕಿನ ಜೋಳದ ಹೊಲ. ಇರುಳೆಲ್ಲ ಅಟ್ಟಣೆಯ ಮೇಲೆ ಕುಳಿತು ಬೆಳೆ ಕಾಯುವವನಿಗೆ ಹಂದಿ ಬಂದಿತೋ ಆನೆ ಬಂದಿತೋ ಎಂದು ಮೊದಲು ತಿಳಿಸುವುದು ಯಾವುದು? ಕೆಳಗೆ ಚಳಿಯಲ್ಲಿ ಮಲಗಿರುವ ನಾಯಿ. ಅದಕ್ಕೆ ನಾವು ಕೊಡುವ ಕೂಲಿ ಒಂದು ತುತ್ತು ಮುದ್ದೆ. ಅದರ ಕಿವಿ ಮಂದವಾದ ಮೇಲೆ, ಕಣ್ಣಿಗೆ ಪೊರೆ ಬಂದ ಮೇಲೆ ಆ ತುತ್ತು ಅದಕ್ಕೆ ಸಲ್ಲುತ್ತಿದೆಯೇ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು. ಸಂತೆಯ ದಿನ ಗಾಡಿಯಲ್ಲಿ ಹಾಕಿಕೊಂಡು ಹೋಗಿ ಪರಊರಿನ ದಾರಿಯಲ್ಲಿ ಇಳಿಸಿ ಬರುವುದು, ಕಾಡಿನ ಅಂಚಿನಲ್ಲಿ ಬಿಟ್ಟು ಬರುವುದು, ಇವೆಲ್ಲ ಕೊಲ್ಲದೆ ಕೊಲ್ಲುವ ಉಪಾಯಗಳು. ಕಾಡಿನಲ್ಲಿ ಬಿಟ್ಟ ನಾಯಿ ಚಿರತೆಯ ಬಾಯಿಗೆ ಬೀಳುತ್ತದೆ, ಇಲ್ಲವೇ ಜಿಂಕೆಯ ಮರಿಗಳನ್ನು ಅಟ್ಟಿ ಕೊಲ್ಲುತ್ತದೆ, ರೋಗವನ್ನು ಕಾಡುಪ್ರಾಣಿಗಳಿಗೆ ಹರಡುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. ನಮ್ಮ ನೆರೆಯ ಬರಗೂರು ಬೆಟ್ಟಗಳಲ್ಲಿ ಕನ್ನಡ ನುಡಿಯುವ ಲಿಂಗಾಯತ ಬಂಧುಗಳು ತಲೆಮಾರುಗಳಿಂದ ಸಾಕಿಕೊಂಡು ಬಂದಿರುವ ಎತ್ತುಗಳ ವಿಷಯದಲ್ಲಿಯೂ, ನಮ್ಮ ಕೊಟ್ಟಿಗೆಯ ಮುದಿ ಎತ್ತಿನ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ದಯೆಯನ್ನೇ ಧರ್ಮಕ್ಕೆ ಆಧಾರವಾಗಿಸಿದ ಬಸವಾದಿ ಪ್ರಮಥರು ನಮಗೆ ಕಾಯಕವನ್ನೂ ದಾಸೋಹವನ್ನೂ ಜೊತೆಯಾಗಿ ಬೋಧಿಸಿದರು. ಕಾಯಕ ಮಾಡಿದವರಿಗೆ ಅದರ ಫಲದಲ್ಲಿ ಪಾಲುಂಟು. ನಾಯಿಯೂ ಎತ್ತೂ ನಮ್ಮ ಮನೆಯಲ್ಲಿ ಕಾಯಕ ಮಾಡಿವೆ. ಅವುಗಳಿಗೆ ಮುಪ್ಪಿನಲ್ಲಿ ಹಾಕುವ ಅನ್ನವು ಅವುಗಳದೇ ಪಾಲು. ನಾವು ಅದನ್ನು ಇರಿಸಿಕೊಂಡಿರುವವರು ಮಾತ್ರ.

ಆದಕಾರಣ ಈ ಮಹೋತ್ಸವದ ಸಂದರ್ಭದಲ್ಲಿ ಮೂರು ವಿಜ್ಞಾಪನೆಗಳನ್ನು ಸಭೆಯ ಮುಂದೆ ಇಡುತ್ತೇನೆ. ಮೊದಲನೆಯದು, ಮರಿಯನ್ನು ಮನೆಗೆ ತರುವ ಮುನ್ನ ಅದರ ಕೊನೆಯ ದಿನದವರೆಗೆ ಅನ್ನ ಹಾಕುವ ಶಕ್ತಿಯೂ ಮನಸ್ಸೂ ನಮಗಿದೆಯೇ ಎಂದು ನೋಡಿಕೊಳ್ಳುವುದು. ಎರಡನೆಯದು, ಕಷ್ಟಕಾಲ ಬಂದು ಸಾಕಲಾರದೆ ಹೋದರೆ ದಾರಿಯಲ್ಲಿ ಬಿಡದೆ, ಇನ್ನೊಂದು ಮನೆಯನ್ನು ವಿಚಾರಿಸಿ ಒಪ್ಪಿಸಿ, ತಿಂಗಳಿಗೊಮ್ಮೆಯಾದರೂ ಹೋಗಿ ನೋಡಿ ಬರುವುದು. ಮೂರನೆಯದು ಊರಿನ ತರುಣರಿಗೆ: ನಾಲ್ಕಾರು ಮಂದಿ ಸೇರಿ, ಯಾರ ಮನೆಯಲ್ಲಿ ನಾಯಿ ಹೆಚ್ಚಾಗಿದೆ, ಯಾರ ತೋಟಕ್ಕೆ ನಾಯಿ ಬೇಕಾಗಿದೆ ಎಂಬುದನ್ನು ತಿಳಿದುಕೊಂಡು, ಪಶುವೈದ್ಯರ ಸಹಾಯದಿಂದ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಸಂತಾನ ತಡೆಯುವ ಚಿಕಿತ್ಸೆಯನ್ನೂ ಮಾಡಿಸುವುದು. ಇದಕ್ಕೆ ದೊಡ್ಡ ಹಣ ಬೇಕಿಲ್ಲ; ಮಕಾವುವಿನ ಸ್ವಯಂಸೇವಕರು ಸಮುದ್ರದಾಚೆಗೆ ಮನೆ ಹುಡುಕಿದರು, ನಾವು ಪಕ್ಕದ ಕೇರಿಯಲ್ಲಿ ಹುಡುಕಿದರೆ ಸಾಕು.

ಇಂದು ದಾಸೋಹದ ಪಂಕ್ತಿ ಮುಗಿಸಿ ತಾವು ಮನೆಗೆ ಹಿಂದಿರುಗುವಾಗ ಬಾಗಿಲಲ್ಲಿ ಒಂದು ಮುದಿ ನಾಯಿ ಬಾಲವಾಡಿಸುತ್ತ ಏಳಲಾರದೆ ಏಳಬಹುದು. ಅದನ್ನು ಗದರಿಸದೆ ಒಂದು ಗಳಿಗೆ ನಿಂತು, ಅದು ಕಾಯ್ದ ಇರುಳುಗಳನ್ನು ನೆನೆದು, ಅದರ ತಟ್ಟೆಯನ್ನು ತುಂಬಿಸಿದರೆ ನನ್ನ ಈ ಮಾತುಗಳು ಸಾರ್ಥಕವಾದುವೆಂದು ಭಾವಿಸುತ್ತೇನೆ.