ರಜೆಯ ದಿನದ ಉಡುಪು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಜಪಾನೆಂದರೆ ನಮಗೆ ಕಾರ್ಖಾನೆಗಳು, ಕೈಗಡಿಯಾರಗಳು, ಹೊತ್ತಿಗೆ ಸರಿಯಾಗಿ ಓಡುವ ರೈಲುಗಳು ನೆನಪಾಗುತ್ತವೆ. ಇಂದು ನಾನು ಹೇಳಹೊರಟಿರುವುದು ಆ ನಾಡಿನ ಒಂದು ಉಡುಪಿನ ವಿಚಾರ.

ಟೋಕಿಯೋ ನಗರದ ಹರಾಜುಕು ಪೇಟೆಯಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಚಿತ್ರಪಟದಿಂದ ಇಳಿದು ಬಂದಂತಿರುವ ತರುಣಿಯರು ರಜೆಯ ದಿನ ಕಾಣಸಿಗುವುದುಂಟು. ಗಂಟೆಯಂತೆ ಅರಳಿದ ಲಂಗ, ಅದನ್ನು ಎತ್ತಿ ನಿಲ್ಲಿಸಲು ಪದರ ಪದರದ ಒಳಲಂಗ, ಕತ್ತಿನವರೆಗೆ ಗುಂಡಿ ಹಾಕಿದ ಬ್ಲೌಸು, ಲೇಸಿನ ಅಂಚು, ತಲೆಗೆ ರಿಬ್ಬನ್ನು, ಕೈಯಲ್ಲಿ ಪುಟ್ಟ ಕೊಡೆ. ಇದಕ್ಕೆ ‘ಲೋಲಿಟಾ’ ಶೈಲಿಯೆಂದು ಹೆಸರು. ಅದೇ ಹೆಸರಿನ 1955ರ ಕಾದಂಬರಿಯನ್ನು ಬಲ್ಲವರು ಹುಬ್ಬು ಗಂಟಿಕ್ಕಬಹುದು. ಆದರೆ ಈ ಉಡುಪಿನ ಅಭಿಮಾನಿಗಳಲ್ಲಿ ಬಹುಮಂದಿ ಆ ಕಥೆಗೂ ತಮಗೂ ಸಂಬಂಧವಿಲ್ಲವೆನ್ನುತ್ತಾರೆ. ಪರರ ಕಣ್ಣಿಗಾಗಿ ಅಲ್ಲ, ತಮ್ಮ ಸಂತೋಷಕ್ಕಾಗಿ ತೊಡುತ್ತೇವೆಂಬುದು ಅವರ ಮಾತು.

ಜಪಾನಿಗೆ ಪಾಶ್ಚಾತ್ಯ ಉಡುಪು ಹೊಸದಲ್ಲ. 1883ರಲ್ಲಿ ಟೋಕಿಯೋದಲ್ಲಿ ರೋಕುಮೇಕಾನ್ ಎಂಬ ಭವನವನ್ನು ಸರ್ಕಾರವೇ ಕಟ್ಟಿಸಿತು. ಪರದೇಶದ ರಾಯಭಾರಿಗಳೆದುರು ತಾವೂ ನಾಗರಿಕರೆಂದು ತೋರಿಸಲು ಗಣ್ಯರ ಮನೆಯ ಹೆಂಗಸರು ಅಲ್ಲಿ ಯೂರೋಪಿನ ಉಡುಪು ತೊಟ್ಟು ನರ್ತಿಸಬೇಕಾಯಿತು. ಅಂದು ಉಡುಪನ್ನು ಆರಿಸಿದ್ದು ರಾಜ್ಯದ ಅಗತ್ಯ. ಇಂದು ಆರಿಸುತ್ತಿರುವುದು ತೊಡುವವಳ ಮನಸ್ಸು. ಅವಳದು ಬರಿಯ ನಕಲೂ ಅಲ್ಲ. ವಿಕ್ಟೋರಿಯಾ ಕಾಲದ ದೊಡ್ಡ ಹೆಂಗಸರ ಲಂಗ ನೆಲ ಮುಟ್ಟುತ್ತಿತ್ತು. ಇವರ ಲಂಗ ಅಂದಿನ ಹುಡುಗಿಯರದರಂತೆ ಸಾಮಾನ್ಯವಾಗಿ ಮೊಣಕಾಲಿನ ಹತ್ತಿರ ನಿಲ್ಲುತ್ತದೆ.

1970ರಲ್ಲಿ ಹರಾಜುಕುವಿನಲ್ಲಿ ತೆರೆದ ‘ಮಿಲ್ಕ್’ ಅಂಗಡಿ ಈ ಶೈಲಿಗೆ ದಾರಿ ಮಾಡಿಕೊಟ್ಟವುಗಳಲ್ಲಿ ಒಂದು. 1988ರಲ್ಲಿ ‘ಬೇಬಿ, ದಿ ಸ್ಟಾರ್ಸ್ ಶೈನ್ ಬ್ರೈಟ್’ ಸಂಸ್ಥೆ ಹುಟ್ಟಿತು. 2001ರಲ್ಲಿ ಆರಂಭವಾದ ‘ಗಾಥಿಕ್ ಅಂಡ್ ಲೋಲಿಟಾ ಬೈಬಲ್’ ಪತ್ರಿಕೆ ಚಿತ್ರಗಳೊಡನೆ ಹೊಲಿಗೆಯ ನಕ್ಷೆಗಳನ್ನೂ ಕೊಡುತ್ತಿತ್ತು. ಅಂಗಡಿಯ ಒಂದು ಉಡುಪಿಗೆ ಹತ್ತಾರು ಸಾವಿರ ಯೆನ್ ಬೆಲೆ. ಸಂಬಳದಲ್ಲಿ ಉಳಿಸಿ ಕೊಳ್ಳುವವರುಂಟು, ಹಳೆಯದನ್ನು ಕೊಳ್ಳುವವರುಂಟು, ತಾವೇ ಹೊಲಿದುಕೊಳ್ಳುವವರೂ ಉಂಟು. 2017ರಲ್ಲಿ ಆ ಪತ್ರಿಕೆ ನಿಂತಿತು. ಆದರೂ ಒಟ್ಟಿಗೆ ಕಲೆತು ಚಹಾ ಕುಡಿಯುವ ಅವರ ಕೂಟಗಳು ನಿಲ್ಲಲಿಲ್ಲ. ಇಂಥ ಕೂಟಗಳು ಈಗ ಅನೇಕ ದೇಶಗಳಲ್ಲಿವೆ.

ಮಿಸಾಕೊ ಆಓಕಿ ಎಂಬಾಕೆಯ ವಿಷಯ ನಾವು ಕೇಳತಕ್ಕದ್ದು. ಆಕೆ ವೃತ್ತಿಯಿಂದ ದಾದಿ. ಕೆಲಸದ ಹೊತ್ತಿನಲ್ಲಿ ರೋಗಿಗಳ ಸೇವೆ, ಬಿಡುವಿನಲ್ಲಿ ಲೇಸು ರಿಬ್ಬನ್ನು. 2009ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ತನ್ನ ನಾಡಿನ ಹೊಸ ಉಡುಪುಗಳ ಪ್ರತಿನಿಧಿಗಳಾಗಿ ಮೂವರನ್ನು ನೇಮಿಸಿದಾಗ, ಅವರಲ್ಲಿ ಈಕೆಯೂ ಒಬ್ಬಳು. ಬೀದಿಯ ಜನ ತಿರುತಿರುಗಿ ನೋಡುವ ಉಡುಪೇ ಹೊರದೇಶಗಳಲ್ಲಿ ನಾಡಿನ ಗುರುತಾಯಿತು.

ಮಿತ್ರರೇ, ನಮ್ಮಲ್ಲೂ ಹೋಟೆಲಿನ ಸಮವಸ್ತ್ರ ತೊಡುವವರಿದ್ದಾರೆ, ಕಾವಲಿನ ಖಾಕಿ ತೊಡುವವರಿದ್ದಾರೆ. ಆರು ದಿನ ಮೈಮೇಲಿರುವುದು ಧಣಿ ಗೊತ್ತುಮಾಡಿದ ಬಟ್ಟೆ. ಏಳನೆಯ ದಿನವಾದರೂ ನಮ್ಮದಾಗಬೇಡವೇ? ಒಬ್ಬರು ಅದನ್ನು ಉಡುಪಿಗೆ ಕೊಟ್ಟಾರು, ಒಬ್ಬರು ತಾಳಮದ್ದಳೆಗೆ, ಒಬ್ಬರು ಈ ವಾಚನಾಲಯದ ಪುಸ್ತಕಕ್ಕೆ. ಯಾರಿಗೂ ಕೇಡಿಲ್ಲದ ಇಂಥ ಹವ್ಯಾಸವನ್ನು ಕಂಡು ನಗುವ ಮೊದಲು, ಅದರ ಹಿಂದಿರುವ ದುಡಿಮೆಯನ್ನೂ ಉಳಿತಾಯವನ್ನೂ ನೆನೆಯೋಣ.